ಸಾರ್ಟ್ ಮಾಡಿದ ಮೇಲೂ ಲಿಂಕ್ ಸರಿಯಾದ ಬೋಟಿಗೇ ಹೋಗಬೇಕಾದರೆ

ಮಲ್ಪೆಯಲ್ಲಿ ಬೋಟುಗಳಿಗೆ ಐಸ್, ಬಲೆ ಸಾಮಾನು ಲೆಕ್ಕಕ್ಕೆ ಬರೆದು ಕೊಡುವ ಅಂಗಡಿಯ ಎಕ್ಸೆಲ್ ಫೈಲು ಅಂದುಕೊಳ್ಳಿ. ‘ಪಟ್ಟಿ’ ಶೀಟಿನಲ್ಲಿ ಬೋಟುಗಳ ಹೆಸರು, ಹೆಸರು ಒತ್ತಿದರೆ ‘ಖಾತೆ’ ಶೀಟಿನಲ್ಲಿ ಆ ಬೋಟಿನ ಸಾಲು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ರಜೆ, ಲೆಕ್ಕ ನೋಡಲು ಪುರುಸೊತ್ತು ಸಿಗುವುದು ಆಗಲೇ. ಬಾಕಿ ಹೆಚ್ಚಿರುವವರು ಮೇಲೆ ಬರಲಿ ಎಂದು ‘ಖಾತೆ’ಯನ್ನು ಒಮ್ಮೆ ಸಾರ್ಟ್ ಮಾಡಿದಿರೋ, ಒಬ್ಬರ ಹೆಸರು ಒತ್ತಿದರೆ ಇನ್ನೊಬ್ಬರ ಬಾಕಿ ತೆರೆದುಕೊಳ್ಳುತ್ತದೆ. ಎಕ್ಸೆಲ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಲಿಂಕ್ ಕೆಲಸವನ್ನೇ ಮಾಡದಿದ್ದರೆ ಒಳ್ಳೆಯದಿತ್ತು, ತಪ್ಪಾದರೂ ಗೊತ್ತಾಗುತ್ತಿತ್ತು.

ಕಂಟ್ರೋಲ್ + ಕೆ ಒತ್ತಿ ಹಾಕಿದ ಲಿಂಕಿನೊಳಗೆ ಇರುವುದು ‘ಖಾತೆ ಶೀಟು, ಎ15’ ಎಂಬ ಬರಹ ಮಾತ್ರ. ಸಾರ್ಟ್ ಮಾಡಿದಾಗ ಸೆಲ್‌ಗಳು ಇದ್ದಲ್ಲೇ ಇರುತ್ತವೆ, ಒಳಗಿನ ಮಾಹಿತಿ ಅದಲುಬದಲಾಗುತ್ತದೆ. ಎ15ಕ್ಕೆ ಬೇರೆ ಬೋಟು ಬಂದು ಕೂತದ್ದು ಲಿಂಕಿಗೆ ತಿಳಿಯುವುದಿಲ್ಲ. ಸೆಲ್‌ಗೆ ಹೆಸರು ಕೊಟ್ಟು ಆ ಹೆಸರಿಗೆ ಲಿಂಕ್ ಮಾಡಿ ಎಂಬ ಸಲಹೆಯೂ ಓಡಾಡುತ್ತಿರುತ್ತದೆ. ನಡುವೆ ಹೊಸ ಸಾಲು ಸೇರಿಸಿದಾಗ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಸಾರ್ಟ್‌ಗೆ ಮಾತ್ರ ಇಲ್ಲ, ಏಕೆಂದರೆ ಹೆಸರು ಅಂಟಿಕೊಂಡಿರುವುದು ಸೆಲ್‌ಗೆ, ಬೋಟಿಗಲ್ಲ.

ಹಾಗಾಗಿ ಲಿಂಕ್ ಒತ್ತುವ ಹೊತ್ತಿಗೆ ಆ ಬೋಟು ಯಾವ ಸಾಲಿನಲ್ಲಿದೆ ಎಂದು ಫಾರ್ಮುಲಾವೇ ಹುಡುಕಿಕೊಳ್ಳಬೇಕು. ಎರಡೂ ಶೀಟುಗಳ ಎ ಕಾಲಂನಲ್ಲಿ ನೋಂದಣಿ ಸಂಖ್ಯೆ, ಬಿ ಕಾಲಂನಲ್ಲಿ ಬೋಟಿನ ಹೆಸರು ಇದೆ ಎಂದುಕೊಂಡರೆ, ‘ಪಟ್ಟಿ’ಯ ಸಿ2ರಲ್ಲಿ:

=ಹೈಪರ್‌ಲಿಂಕ್("#'ಖಾತೆ'!ಎ"&ಮ್ಯಾಚ್(ಎ2,'ಖಾತೆ'!$ಎ:$ಎ,0),ಬಿ2)

ಫಂಕ್ಷನ್ ಹೆಸರು, ಕಾಲಂ ಅಕ್ಷರಗಳು, ಮುಂದೆ ಬರುವ ಅಡ್ರೆಸ್, ಜಿಐಡಿ, ರೇಂಜ್, ಪಿಡಿಎಫ್ ಎಂಬ ಪದಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಿ, ಶೀಟಿನ ಹೆಸರು ಕನ್ನಡದಲ್ಲಿದ್ದರೆ ತೊಂದರೆಯಿಲ್ಲ. ಮೊದಲಿನ ಹ್ಯಾಶ್ ಚಿಹ್ನೆಗೆ ‘ಇದೇ ಫೈಲಿನೊಳಗೆ’ ಎಂದರ್ಥ, ಬಿಡಬೇಡಿ. ಕೊನೆಯ ಸೊನ್ನೆಯನ್ನೂ ಬಿಡಬಾರದು. ಅದಿಲ್ಲದಿದ್ದರೆ ಮ್ಯಾಚ್ ಸರಿಸುಮಾರು ಹೊಂದುವುದನ್ನು ಹುಡುಕಿ ಯಾವುದೋ ಸಾಲು ತೋರಿಸುತ್ತದೆ. ಇಡೀ ಎ ಕಾಲಂ ಕೊಟ್ಟದ್ದೂ ಬೇಕೆಂದೇ: ಸಿಗುವ ಅಂಕಿ ನೇರ ಸಾಲಿನ ಸಂಖ್ಯೆಯೇ ಆಗಿರುತ್ತದೆ. ಎ2ರಿಂದ ಎ300 ಎಂದು ಕೊಟ್ಟರೆ 1 ಕೂಡಿಸಬೇಕು, ಇಲ್ಲವಾದರೆ ಪ್ರತಿ ಲಿಂಕೂ ಒಂದು ಸಾಲು ಮೇಲೆ ಹೋಗಿ ನಿಲ್ಲುತ್ತದೆ.

ಹುಡುಕಲು ಬೋಟಿನ ಹೆಸರನ್ನೇ ಯಾಕೆ ಬಳಸಬಾರದು? ನಮ್ಮ ಕರಾವಳಿಯಲ್ಲಿ ಒಂದೇ ದೇವರ ಹೆಸರು ಎಷ್ಟು ಬೋಟುಗಳಿಗಿದೆ ಎಂದು ಬೋಟು ಕಟ್ಟುವ ಧಕ್ಕೆಯಲ್ಲಿ ನಿಂತು ನೋಡಿದರೆ ಸಾಕು. ಒಂದೇ ಹೆಸರು ಎರಡು ಕಡೆ ಇದ್ದರೆ ಮ್ಯಾಚ್ ಮೊದಲು ಸಿಕ್ಕಿದ್ದನ್ನೇ ಹಿಡಿಯುತ್ತದೆ. ಸಾರ್ಟ್ ಆದಾಗ ಆ ‘ಮೊದಲನೆಯದು’ ಕೂಡ ಬದಲಾಗುತ್ತದೆ.

ಇನ್ನು ‘ಪಟ್ಟಿ’ ಶೀಟನ್ನೇ ಸಾರ್ಟ್ ಮಾಡುವಾಗಿನ ಪೇಚು. ಫಾರ್ಮುಲಾ ಬರೆಯುತ್ತಾ ‘ಖಾತೆ’ಗೆ ಹೋಗಿ ಕಾಲಂ ಆರಿಸಿ, ಮರಳಿ ಬಂದು ಬಿ2 ಮೇಲೆ ಕ್ಲಿಕ್ ಮಾಡಿದರೆ ಎಕ್ಸೆಲ್ ಅದನ್ನು ಪಟ್ಟಿ!ಬಿ2 ಎಂದು ಬರೆದುಕೊಳ್ಳುತ್ತದೆ. ನೋಡಲು ಸರಿಯೇ. ಆದರೆ ತನ್ನದೇ ಶೀಟಿನ ಹೆಸರು ಹೊತ್ತ ಉಲ್ಲೇಖ ಸಾರ್ಟ್ ಆದಾಗ ಹೊಸ ಸಾಲಿಗೆ ಹೊಂದಿಕೊಳ್ಳದೆ ಹಳೆಯ ಸಾಲನ್ನೇ ತೋರಿಸುತ್ತಿರುತ್ತದೆ. ಆ ಹೆಸರನ್ನು ಅಳಿಸಿ ಬರೀ ಎ2, ಬಿ2 ಉಳಿಸಿ. ಪಟ್ಟಿಯ ನಡುವೆ ಖಾಲಿ ಕಾಲಂ ಬಿಟ್ಟಿದ್ದರೂ ಕೆಲಸ ಕೆಡುತ್ತದೆ, ಸಾರ್ಟ್ ಅಲ್ಲಿಗೇ ನಿಂತು ಆಚೆಯ ಕಾಲಂಗಳು ಕದಲುವುದಿಲ್ಲ. ಕಂಟ್ರೋಲ್ + ಟಿ ಒತ್ತಿ ಇಡೀ ಪಟ್ಟಿಯನ್ನು ಟೇಬಲ್ ಮಾಡಿಬಿಡುವುದು ಸುಲಭ.

ಎನ್/ಎ ಎಂಬ ದೋಷ ಕಂಡರೆ ಮೊದಲು ಸಂಖ್ಯೆಯ ಕೊನೆಯಲ್ಲಿ ಕಾಣದ ಸ್ಪೇಸ್ ಇದೆಯೇ ನೋಡಿ. ಟ್ರಿಮ್ ಫಂಕ್ಷನ್ ಅದನ್ನು ತೆಗೆಯುತ್ತದೆ. ಬರೀ ಅಂಕಿಗಳ ಸಂಖ್ಯೆಯಾದರೆ ಒಂದು ಶೀಟಿನಲ್ಲಿ ಅಂಕಿಯಾಗಿ, ಇನ್ನೊಂದರಲ್ಲಿ ಟೆಕ್ಸ್ಟ್ ಆಗಿ ಕೂತಿರಬಹುದು, ಸೆಲ್‌ನ ಮೂಲೆಯಲ್ಲಿ ಹಸಿರು ತ್ರಿಕೋನ ಸಾಮಾನ್ಯವಾಗಿ ಅದರ ಗುರುತು. ದೋಷವೇನೂ ಇಲ್ಲದೆ, ಒತ್ತಿದರೂ ಸಾಲು ಕಾಣದಿದ್ದರೆ ‘ಖಾತೆ’ಯಲ್ಲಿ ಫಿಲ್ಟರ್ ಉಳಿದಿರುತ್ತದೆ. ಲಿಂಕ್ ಅಡಗಿದ ಸಾಲಿಗೇ ಹೋಗಿದೆ, ನಮಗೆ ಕಾಣುತ್ತಿಲ್ಲ ಅಷ್ಟೆ.

ಶೀಟಿನ ಹೆಸರು ವರ್ಷಕ್ಕೊಮ್ಮೆ ಬದಲಿಸುವವರು ಮೇಲಿನ ಫಾರ್ಮುಲಾ ನಂಬಬೇಡಿ. ಮ್ಯಾಚ್ ಒಳಗಿನ ಹೆಸರು ತಾನಾಗಿ ಬದಲಾಗುತ್ತದೆ, ಉದ್ಧರಣ ಚಿಹ್ನೆಯೊಳಗಿನದು ಬದಲಾಗುವುದಿಲ್ಲ. ಅವರಿಗೆ ಇದು:

=ಹೈಪರ್‌ಲಿಂಕ್("#"&ಸೆಲ್("ಅಡ್ರೆಸ್",ಇಂಡೆಕ್ಸ್('ಖಾತೆ'!$ಎ:$ಎ,ಮ್ಯಾಚ್(ಎ2,'ಖಾತೆ'!$ಎ:$ಎ,0))),ಬಿ2)

ಇದಕ್ಕೂ ಒಂದು ಕಿರಿಕಿರಿ ಇದೆ. ಸೆಲ್ ಫಂಕ್ಷನ್ ಪದೇ ಪದೇ ಲೆಕ್ಕ ಹಾಕುವ ಜಾತಿಯದು, ಏನೂ ಮುಟ್ಟದಿದ್ದರೂ ಫೈಲು ಮುಚ್ಚುವಾಗ ಸೇವ್ ಮಾಡಬೇಕೇ ಎಂದು ಕೇಳುತ್ತದೆ.

ಗೂಗಲ್ ಶೀಟ್ಸ್‌ನಲ್ಲಿ ಶೀಟಿನ ಹೆಸರಿನ ಗೊಡವೆಯೇ ಬೇಡ. ಪ್ರತಿ ಶೀಟಿಗೂ ಒಂದು ಜಿಐಡಿ ಸಂಖ್ಯೆ ಇರುತ್ತದೆ, ‘ಖಾತೆ’ಯನ್ನು ತೆರೆದಾಗ ಬ್ರೌಸರಿನ ಅಡ್ರೆಸ್ ಬಾರ್‌ನ ಕೊನೆಯಲ್ಲಿ ಕಾಣುತ್ತದೆ. ಉದ್ಧರಣ ಚಿಹ್ನೆಯೊಳಗೆ "#ಜಿಐಡಿ=ಸಂಖ್ಯೆ&ರೇಂಜ್=ಎ" ಎಂದು ಬರೆದು, ಮುಂದೆ ಅದೇ ಮ್ಯಾಚ್ ಜೋಡಿಸಿ. ಹೆಸರು ಬದಲಿಸಿದರೂ, ಟ್ಯಾಬ್ ಹಿಂದೆ ಮುಂದೆ ಸರಿಸಿದರೂ ಜಿಐಡಿ ಬದಲಾಗುವುದಿಲ್ಲ.

ಸ್ಕ್ಯಾನ್ ಮಾಡಿದ ಬಿಲ್ಲುಗಳಿಗೆ ಲಿಂಕ್ ಬೇಕಿದ್ದರೆ ಮ್ಯಾಚ್ ಕೂಡ ಬೇಕಾಗಿಲ್ಲ. ಪಿಡಿಎಫ್‌ಗೆ ಆಯಾ ಬೋಟಿನ ನೋಂದಣಿ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟು, ಎಕ್ಸೆಲ್ ಫೈಲಿನ ಪಕ್ಕದಲ್ಲೇ ‘ಬಿಲ್ಲು’ ಎಂಬ ಫೋಲ್ಡರಿನಲ್ಲಿಡಿ:

=ಹೈಪರ್‌ಲಿಂಕ್("ಬಿಲ್ಲು\"&ಎ2&".ಪಿಡಿಎಫ್","ಬಿಲ್ಲು")

ಸಂಖ್ಯೆಯಲ್ಲಿ ಓರೆಗೆರೆ (/) ಇದ್ದರೆ ವಿಂಡೋಸ್ ಆ ಹೆಸರಿನ ಫೈಲು ಉಳಿಸಲು ಬಿಡುವುದಿಲ್ಲ, ಶೀಟಿನಲ್ಲೂ ಫೈಲಿನಲ್ಲೂ ಅಡ್ಡಗೆರೆಯನ್ನೇ (-) ಬಳಸಿ. ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಆಡಿಟರ್ ಆಫೀಸಿಗೆ ಒಯ್ಯುವಾಗ ‘ಬಿಲ್ಲು’ ಫೋಲ್ಡರನ್ನೂ ಜೊತೆಗೇ ಕಾಪಿ ಮಾಡಬೇಕು.