ಹಳೇ ಬಟ್ಟೆಯ ರಾಶಿ, ಇಳಕಲ್ ಸೀರೆಯ ಕೊಂಡಿ

ರಾಶಿಯಿಂದ ಅಂಗಿ ಎತ್ತಿದ ಕೂಡಲೇ ಎಲ್ಲರೂ ನೋಡುವುದು ಎದೆಯ ಭಾಗ. ಅಲ್ಲಿ ಬಟ್ಟೆ ಸವೆಯುವುದೇ ಕಡಿಮೆ. ಕಾಲರಿನ ಮಡಿಕೆ, ತೋಳಪಟ್ಟಿಯ ಅಂಚು, ಕಂಕುಳು, ಈ ಮೂರು ನೋಡಿ. ಪ್ಯಾಂಟಾದರೆ ಎರಡು ತೊಡೆ ಉಜ್ಜಿಕೊಳ್ಳುವ ಜಾಗ. ಅಷ್ಟನ್ನು ಬೆಳಕಿಗೆ ಹಿಡಿದರೆ ಜರಡಿಯ ಹಾಗೆ ಕಂಡಿತೋ, ಬಿಟ್ಟುಬಿಡಿ. ನಾಲ್ಕು ಸಲ ಒಗೆದರೆ ಹರಿಯುತ್ತದೆ. ಇಲಾಸ್ಟಿಕ್ ಎಳೆದಾಗ ಒಳಗೆ ಚರಚರ ಅಂದರೆ ರಬ್ಬರು ಒಣಗಿದೆ ಅಂತಲೇ ಲೆಕ್ಕ.

ಹುಬ್ಬಳ್ಳಿಯ ಪೇಟೆಯಲ್ಲಿ ಹಾಸಿನ ಮೇಲೆ ಸುರಿದಿದ್ದೆಲ್ಲ ಯಾರೋ ತೊಟ್ಟು ಬಿಟ್ಟದ್ದಲ್ಲ. ಕಾರ್ಖಾನೆಯಲ್ಲಿ ತಪ್ಪು ಬಿದ್ದ ಮಾಲೂ ಅದರಲ್ಲಿ ಬೆರೆತಿರುತ್ತದೆ. ಕತ್ತಿನ ಲೇಬಲ್ ಅರ್ಧ ಕತ್ತರಿಸಿದ್ದು ಸಾಮಾನ್ಯವಾಗಿ ಆ ಜಾತಿ. ಅದರಲ್ಲಿ ಸವಕಳಿ ಹುಡುಕಬೇಡಿ, ದೋಷ ಹುಡುಕಿ: ಒಂದು ತೋಳು ಗಿಡ್ಡ, ಜಿಪ್ ಸೊಟ್ಟ, ಬಣ್ಣದಲ್ಲಿ ಪಟ್ಟೆ.

ಲೇಬಲ್ಲಿನ ಸೈಜು ನಂಬುವಂಥದ್ದಲ್ಲ. ಮೈಗೆ ಸರಿ ಕೂಡುವ ನಿಮ್ಮದೇ ಅಂಗಿಯೊಂದನ್ನು ಮನೆಯಲ್ಲಿ ಹಾಸಿ, ಭುಜದಿಂದ ಭುಜಕ್ಕೆ, ಕಂಕುಳಿಂದ ಕಂಕುಳಿಗೆ ಅಳೆದು ಬರೆದಿಟ್ಟುಕೊಳ್ಳಿ. ಕಿಸೆಯಲ್ಲಿ ಟೇಪು ಇರಲಿ. ಪಕ್ಕದ ಹೊಲಿಗೆ ಹಿಡಿಸುವುದು ಟೇಲರಿಗೆ ಸಣ್ಣ ಕೆಲಸ. ಭುಜ ಇಳಿದಿದ್ದರೆ ತೋಳು ಬಿಚ್ಚಬೇಕು, ಆ ಕೂಲಿಗೆ ಇನ್ನೊಂದು ಅಂಗಿಯೇ ಬಂದೀತು. ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಸುವ ಆಸೆಯಿದ್ದರೆ ಒಳಗೆ ಮಡಚಿದ ಬಟ್ಟೆ ನೋಡಿ. ಅದು ಮಾಸದೆ ಗಾಢವಾಗಿ ಉಳಿದಿದ್ದರೆ ಬಿಚ್ಚಿದ ಮೇಲೆ ಗೆರೆ ಎದ್ದು ಕಾಣುತ್ತದೆ.

ಮನೆಗೆ ತಂದದ್ದನ್ನು ಸೀದಾ ಕಪಾಟಿಗೆ ಹಾಕಬೇಡಿ. ತಗಣಿ ಅಡಗುವುದು ಹೊಲಿಗೆಯ ಸಂದಿಯಲ್ಲಿ. ಹತ್ತಿ ಬಟ್ಟೆಯನ್ನು 60 ಡಿಗ್ರಿ ಬಿಸಿನೀರಲ್ಲಿ ಒಗೆದರೆ ತಗಣಿಯೂ ಸಾಯುತ್ತದೆ, ತುರಿಕಜ್ಜಿಯ ಹುಳವೂ ಸಾಯುತ್ತದೆ. ಬಿಸಿನೀರು ತಡೆಯದ ಬಟ್ಟೆಯನ್ನು ಒಂದು ವಾರ ಗಾಳಿಯಾಡದ ಚೀಲದಲ್ಲಿ ಕಟ್ಟಿಟ್ಟರೆ ಕಜ್ಜಿಯ ಹುಳ ಉಳಿಯುವುದಿಲ್ಲ. ತಗಣಿಗೆ ಮಾತ್ರ ವಾರ ಏನೂ ಅಲ್ಲ, ತಿಂಗಳುಗಟ್ಟಲೆ ಉಪವಾಸ ಇರುವ ಜೀವ ಅದು. ಕಂಕುಳಿನ ಹಳದಿ ಕಲೆಗೆ ಬ್ಲೀಚಿಂಗ್ ಹಾಕಿದರೆ ಅದು ಇನ್ನೂ ಹಳದಿಯಾಗುತ್ತದೆ.

ಈ ಕಡೆ ನಿಜವಾದ ಲಾಭ ಇರುವುದು ಹಳೇ ಇಳಕಲ್ ಸೀರೆಯಲ್ಲಿ. ಒಡಲು ಹತ್ತಿ, ಸೆರಗು ರೇಷ್ಮೆ ಇರುವಂಥದ್ದು ಸಿಕ್ಕರೆ ಮೊದಲು ಅವೆರಡೂ ಸೇರುವ ಗೆರೆಗೆ ಬನ್ನಿ. ಮಗ್ಗದ ಸೀರೆಯಲ್ಲಿ ಒಡಲಿನ ಹಾಸು ಎಳೆಗೂ, ಅಂದರೆ ಉದ್ದಕ್ಕೆ ಓಡುವ ದಾರಕ್ಕೂ, ಸೆರಗಿನ ಹಾಸು ಎಳೆಗೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಹಿಂಬದಿಯಿಂದ ಬೆರಳಾಡಿಸಿದರೆ ಆ ಸಾಲು ಸಿಗುತ್ತದೆ. ಸಿಗದೆ ಬಣ್ಣ ಮಾತ್ರ ಬದಲಾಗಿದ್ದರೆ ಅದು ನಕಲಿ, ಮಗ್ಗದ ಬೆಲೆ ಕೊಡಬೇಡಿ. ಕೊಂಡಿಯ ಸಾಲಿನಲ್ಲೇ ಬಿಟ್ಟುಕೊಂಡಿದ್ದರೆ ಕಾಣದ ಹಾಗೆ ಸರಿ ಮಾಡುವುದು ಆಗದ ಮಾತು.

ರೇಷ್ಮೆ ಸೀಳುವುದು ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟಾಗ. ಮಡಿಕೆಯ ಎರಡೂ ಬದಿಗೆ ಹೆಬ್ಬೆರಳಿಟ್ಟು ಮೆಲ್ಲಗೆ ಹಿಗ್ಗಿಸಿ. ಎಳೆ ಬಾಯಿ ಬಿಟ್ಟರೆ ಉಡಲಿಕ್ಕೆ ಬರುವುದಿಲ್ಲ. ಕೆಂಪು ಸೆರಗಿನ ಮೂಲೆಗೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಒಗೆಯುವಾಗ ಒಡಲಿಗೂ ಹತ್ತುತ್ತದೆ. ಕಸೂತಿ ಇದ್ದರೆ ತಿರುಗಿಸಿ: ಕಸೂತಿಯಲ್ಲಿ ಗವಂತಿ ಅನ್ನುವ ಕೈಹೊಲಿಗೆ ಎರಡೂ ಕಡೆ ಒಂದೇ ಥರ, ಗಂಟು ಇರುವುದಿಲ್ಲ. ಹಿಂದೆ ಬೇರೆ ಬಣ್ಣದ ದಾರ ಓಡಿದ್ದರೆ ಮಿಷಿನ್ನಿನದು.

ಸೆರಗು ಹೋಗಿ ಒಡಲು ಗಟ್ಟಿ ಉಳಿದ ಸೀರೆಯನ್ನೂ ತರಬಹುದು, ಒಗೆದು ಒಗೆದು ಮೆತ್ತಗಾದ ಹತ್ತಿ ಕೌದಿಗೆ, ಅಂದರೆ ಹಳೇ ಬಟ್ಟೆ ಸೇರಿಸಿ ಹೊಲಿಯುವ ಹೊದಿಕೆಗೆ, ಬಲು ಚಲೋ. ಆದರೆ ಅಂಗಡಿಯವರು ದಡಿ ತೋರಿಸಿ ಸೀರೆಯ ಬೆಲೆ ಹೇಳುತ್ತಾರೆ. ನೀವು ಕೌದಿಯ ಬೆಲೆಯಿಂದ ಶುರು ಮಾಡಿ.