ಆಕಾಶ ಯಾರ ಬಾಣೆ?

"ಆಕಾಶದಲ್ಲಿ ಜನಾನೇ ಇಲ್ವಲ್ಲ, ಅಲ್ಲಿ ನೀನು ಸಮಾಜಶಾಸ್ತ್ರ ಅಂತ ಏನು ಓದೋದು?"

ಹನ್ನೊಂದು ವರ್ಷದಿಂದ ಈ ಮಾತು ಕೇಳಿಸಿಕೊಳ್ಳುತ್ತಿದ್ದೇನೆ. ಮದುವೆ ಮನೆಯಲ್ಲಿ ಕೇಳುತ್ತಾರೆ. ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಕೇಳುತ್ತಾರೆ. ಕಾಫಿ ಒಣಗಿಸುವ ಕಣದಲ್ಲಿ ಕೂತು ಕೇಳುತ್ತಾರೆ. ಒಂದು ಕಾಲೇಜಿನಲ್ಲಿ ಕೆಲಸಕ್ಕೆ ಸಂದರ್ಶನ ಇತ್ತು. ಅಲ್ಲಿ ಮೂವರು ನನ್ನ ಅರ್ಜಿ ನೋಡಿ ನಕ್ಕರು. ಒಬ್ಬರು "ರಾಕೆಟ್ ಬಿಡೋಕೆ ಬರುತ್ತಾ ನಿಮಗೆ?" ಅಂದರು. ಬರುವುದಿಲ್ಲ. ಜಿಲ್ಲಾ ಪಂಚಾಯಿತಿ ಬಗ್ಗೆ ಪಿಎಚ್‌ಡಿ ಮಾಡಿದವರನ್ನು ಯಾರಾದರೂ ರಸ್ತೆಗೆ ಡಾಂಬರು ಹಾಕೋಕೆ ಬರುತ್ತಾ ಅಂತ ಕೇಳುತ್ತಾರಾ?

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಆಕಾಶಕ್ಕೆ ಹೊರಟ ಜನರ ಬಗ್ಗೆ ನಾನು ಓದಿದ್ದು. ಯಾರು ಹೊರಟರು, ಯಾರ ದುಡ್ಡಿನಲ್ಲಿ, ಯಾರ ಜಾಗದಿಂದ, ಯಾರನ್ನು ಕೇಳಿ. ಒಂದು ಉದಾಹರಣೆ ಕೊಡುತ್ತೇನೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಇಸ್ರೋ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿತು. ನಮ್ಮ ರಾಜ್ಯದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಂಗಳೂರಿನಲ್ಲೇ ಟಿವಿ ಇಲ್ಲದ ಕಾಲ ಅದು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಎಲ್ಲ ಕನ್ನಡದಲ್ಲಿ ಬಂತು. ಹಳ್ಳಿಯವರಿಗೆ ಏನು ಬೇಕು ಅಂತ ತೀರ್ಮಾನ ಮಾಡಿದ್ದು ಯಾರು? ಮೇಲ್ಜಾತಿಯ ಕೇರಿಯಲ್ಲಿ ಟಿವಿ ಇಟ್ಟರೆ ಕೆಳಗಿನ ಕೇರಿಯವರು ಬಂದು ಕೂರುತ್ತಾರಾ? ಉಪಗ್ರಹ ಮೇಲೆ ಇರಬಹುದು. ಈ ಪ್ರಶ್ನೆಗಳು ಊರ ಅಂಗಳದಲ್ಲಿವೆ. ಇಂಥವನ್ನು ಓದುವುದು ನನ್ನ ಕೆಲಸ.

ಇದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ. ರಸ್ತೆ ಗುಂಡಿ ಮುಚ್ಚೋಕೆ ದುಡ್ಡಿಲ್ಲ, ಚಂದ್ರನ ಮೇಲೆ ಯಾಕೆ ಸುರಿಯಬೇಕು ಅಂತ. ಚಂದ್ರಯಾನ-3ಕ್ಕೆ ಆದ ಖರ್ಚು ಸುಮಾರು 615 ಕೋಟಿ ರೂಪಾಯಿ. ಅದನ್ನು ಉಳಿಸಿದ್ದರೆ ನಮ್ಮೂರ ರಸ್ತೆಗೆ ಬರುತ್ತಿತ್ತು ಅನ್ನುವ ನಂಬಿಕೆ ನನಗಿಲ್ಲ. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಜಾರಿ ಮನೆ, ತೋಟ, ಜನ ಎಲ್ಲ ಹೋದದ್ದು ಇಲ್ಲಿ ಯಾರಿಗೂ ಮರೆತಿಲ್ಲ. 2023ರಲ್ಲಿ ಇಸ್ರೋ ಉಪಗ್ರಹ ಚಿತ್ರಗಳನ್ನು ನೋಡಿ ದೇಶದ ಭೂಕುಸಿತದ ಅಟ್ಲಾಸ್ ಮಾಡಿತು. ಅದರಲ್ಲಿರುವ 147 ಜಿಲ್ಲೆಗಳಲ್ಲಿ ಕೊಡಗೂ ಒಂದು. ಅಂದರೆ ಅಲ್ಲಿಂದ ನೋಡಿ ಹೇಳುವವರು ಹೇಳಿದ್ದಾರೆ. ಆಮೇಲೂ ಗುಡ್ಡ ಅಗೆಯುವವರು ನೆಲದ ಮೇಲೆ ಇದ್ದಾರೆ. ಈ ಪ್ರಶ್ನೆಗೆ ಇಷ್ಟು ಸಾಕು.

ನನಗೆ ನಿಜವಾಗಿ ಸಿಟ್ಟು ಬಂದದ್ದು 2022ರ ಹುತ್ತರಿ ರಾತ್ರಿ.

ಹುತ್ತರಿ ಅಂದರೆ ನಮ್ಮ ಹೊಸ ಅಕ್ಕಿಯ ಹಬ್ಬ. ಯಾವ ಹೊತ್ತಿಗೆ ನೆರೆ ಅನ್ನುವ ಎಲೆಗಳ ಕಟ್ಟು ಕಟ್ಟಬೇಕು, ಯಾವ ಹೊತ್ತಿಗೆ ಕದಿರು, ಅಂದರೆ ಭತ್ತದ ತೆನೆ, ತೆಗೆಯಬೇಕು ಅಂತ ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಿಶ್ಚಯ ಮಾಡುತ್ತಾರೆ. ಹುಣ್ಣಿಮೆ ನೋಡುತ್ತಾರೆ, ರೋಹಿಣಿ ನಕ್ಷತ್ರ ನೋಡುತ್ತಾರೆ. ಆ ಹೊತ್ತು ಪೇಪರಿನಲ್ಲೂ ಬರುತ್ತದೆ. ನಾವೆಲ್ಲ ಭಾಗಮಂಡಲದ ಕಡೆಯ ನಮ್ಮ ಗದ್ದೆಯಲ್ಲಿ ನಿಂತಿದ್ದೆವು. ಚಳಿ ಇತ್ತು. ಮಕ್ಕಳು ಪಟಾಕಿ ಹಿಡಿದು ಕಾಯುತ್ತಿದ್ದವು. ಕದಿರು ತೆಗೆಯಲು ಇನ್ನೂ ಇಪ್ಪತ್ತು ನಿಮಿಷ ಇತ್ತು. ದೊಡ್ಡಪ್ಪ ಹೆಗಲ ಮೇಲೆ ಕೋವಿ ಇಟ್ಟುಕೊಂಡು ಚಂದ್ರನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಮ್ಮ ಮನೆ ಮಾತು ಅರೆಭಾಷೆ. ಅವರು ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಅಲ್ಲ ಮಗಳೇ, ಅಷ್ಟು ದೂರದ ಆಕಾಶಕ್ಕೂ ನಮಗೂ ಏನು ಸಂಬಂಧ ಅಂತ ನೀನು ಇಷ್ಟು ವರ್ಷ ಓದಿದ್ದು?"

ಇಡೀ ಕೊಡಗು ಆ ಹೊತ್ತಲ್ಲಿ ಗದ್ದೆಯಲ್ಲಿ ನಿಂತು ಚಂದ್ರನ ಲೆಕ್ಕಕ್ಕೆ ಕಾಯುತ್ತಿತ್ತು! ತುಲಾ ಸಂಕ್ರಮಣದ ದಿನ ಸೂರ್ಯ ತುಲಾ ರಾಶಿಗೆ ಬರುವ ಹೊತ್ತಿಗೆ ತೀರ್ಥ ಬರುತ್ತದೆ ಅಂತ ನಡುರಾತ್ರಿಯಾದರೂ ತಲಕಾವೇರಿಗೆ ಹೋಗುವ ಜನ ನಾವು. 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ದಾರಿ ನಮ್ಮ ಜಿಲ್ಲೆಯ ಮೇಲೇ ಹಾದುಹೋಗಿತ್ತು. ಆವತ್ತು ಇದೇ ದೊಡ್ಡಪ್ಪ ಬಸುರಿ ಸೊಸೆಯನ್ನು ಮಧ್ಯಾಹ್ನದವರೆಗೆ ಹೊರಗೆ ಬಿಟ್ಟಿರಲಿಲ್ಲ. ನಮಗೂ ಆಕಾಶಕ್ಕೂ ಸಂಬಂಧ ಇಲ್ವಾ? ನಾನು ಜೋರಾಗಿಯೇ ಹೇಳಿದೆ. ಅತ್ತೆ ಸನ್ನೆ ಮಾಡಿದರು, ಹಬ್ಬದ ದಿನ ಸುಮ್ನಿರು ಅಂತ.

ಸುಮ್ಮನಿರಲಿಲ್ಲ. ಆದರೆ ದಾರಿ ಬದಲಿಸಿದೆ. ದೊಡ್ಡಪ್ಪನ ಅರ್ಧ ಆಯುಷ್ಯ ತಾಲೂಕು ಕಚೇರಿಯಲ್ಲಿ ಹೋಗಿದೆ. ಜಮ್ಮ, ಬಾಣೆ, ಪೈಸಾರಿ ಅಂತ ನಮ್ಮ ಕಡೆಯ ಜಮೀನಿನ ಬಗೆಗಳ ಹೆಸರೆತ್ತಿದರೆ ಅವರ ಕಿವಿ ನೆಟ್ಟಗಾಗುತ್ತದೆ. "ದೊಡ್ಡಪ್ಪ, ಆ ಚಂದ್ರನ ಜಾಗ ಯಾರದ್ದು?" ಅಂತ ಕೇಳಿದೆ.

"ಯಾರದ್ದೂ ಅಲ್ಲ. ಪೈಸಾರಿ," ಅಂದರು.

ಸರ್ಕಾರದ ಹೆಸರಲ್ಲಿ ಸುಮ್ನೆ ಬಿದ್ದಿರುವ ಜಾಗಕ್ಕೆ ನಮ್ಮಲ್ಲಿ ಪೈಸಾರಿ ಅನ್ನುತ್ತೇವೆ. ಆದರೆ ಚಂದ್ರನಿಗೆ ಯಾವ ಸರ್ಕಾರ? 1967ರ ಬಾಹ್ಯಾಕಾಶ ಒಪ್ಪಂದ ಅಂತ ಒಂದಿದೆ. ಭಾರತ ಅದೇ ವರ್ಷ ಸಹಿ ಹಾಕಿತು, 1982ರಲ್ಲಿ ಅನುಮೋದನೆ ಕೊಟ್ಟಿತು. ಆಕಾಶವನ್ನು ಶೋಧಿಸುವುದು, ಬಳಸುವುದು ಇಡೀ ಮನುಷ್ಯಕುಲಕ್ಕೆ ಸೇರಿದ್ದು ಅನ್ನುತ್ತದೆ ಅದು. ಯಾವ ದೇಶವೂ ಚಂದ್ರನನ್ನಾಗಲಿ ಬೇರೆ ಗ್ರಹವನ್ನಾಗಲಿ ತನ್ನದು ಅನ್ನುವ ಹಾಗಿಲ್ಲ. ಬಾವುಟ ನೆಟ್ಟರೂ ಇಲ್ಲ, ಹೋಗಿ ಕೂತರೂ ಇಲ್ಲ.

"ಒಳ್ಳೇದಲ್ವಾ?" ಅಂದರು ದೊಡ್ಡಪ್ಪ.

ಒಳ್ಳೆಯದೇ. ಆದರೆ 2015ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಚಂದ್ರನ ಜಾಗ ನಮ್ಮದಲ್ಲ, ಆದರೆ ನಮ್ಮ ಕಂಪನಿ ಅಲ್ಲಿಂದ ಅಗೆದು ತೆಗೆದದ್ದು ಕಂಪನಿಯದು ಅಂತ. 2017ರಲ್ಲಿ ಲಕ್ಸೆಂಬರ್ಗ್ ಅಂಥದ್ದೇ ಕಾನೂನು ತಂದಿತು. ಅದು ನಮ್ಮ ಕೊಡಗಿಗಿಂತ ಚಿಕ್ಕ ದೇಶ. 2021ರಲ್ಲಿ ಜಪಾನ್ ತಂದಿತು.

ದೊಡ್ಡಪ್ಪ ಕೋವಿ ಇನ್ನೊಂದು ಹೆಗಲಿಗೆ ಹಾಕಿಕೊಂಡರು. "ಹಾಗಾದ್ರೆ ಇದು ಬಾಣೆ ಕೇಸು!" ಅಂದರು.

ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಬಾಣೆ ಅಂದರೆ ಗದ್ದೆಗೆ ಸೇರಿಕೊಂಡ ಕಾಡು ಜಾಗ. ಸೊಪ್ಪಿಗೆ, ಸೌದೆಗೆ, ದನ ಮೇಯಿಸಲು ಅಂತ ಹಿಂದೆ ಕೊಟ್ಟದ್ದು. ಅನುಭವಿಸುವುದು ನಾವು. ಆದರೆ ಅಲ್ಲಿಯ ಮರದ ಹಕ್ಕು ಯಾರದ್ದು ಅನ್ನುವುದಕ್ಕೆ ತಲೆಮಾರುಗಳಿಂದ ತಕರಾರು. ನೆಲದ ಲೆಕ್ಕ ಒಂದು, ಮರದ ಲೆಕ್ಕ ಇನ್ನೊಂದು. ನೆಲ ಯಾರದ್ದೂ ಅಲ್ಲ ಅಂತ ಹೇಳಿ ಮರ ಸಾಗಿಸಿದರೆ ಕೊನೆಗೆ ಆ ನೆಲದಲ್ಲಿ ಉಳಿಯುವುದು ಏನು ಅಂತ ಕೊಡಗಿನವರಿಗೆ ಪಾಠ ಮಾಡಬೇಕಾಗಿಲ್ಲ. ನಾನು ಎರಡು ವರ್ಷ ಕಷ್ಟಪಟ್ಟು ಓದಿದ್ದನ್ನು ದೊಡ್ಡಪ್ಪ ಎರಡು ನಿಮಿಷದಲ್ಲಿ ಹಿಡಿದರು. ಅಷ್ಟರಲ್ಲಿ ಹೊತ್ತಾಯಿತು. ಕದಿರು ತೆಗೆದರು. ಕೋವಿ ಹಾರಿತು. "ಪೊಲಿ ಪೊಲಿಯೇ ದೇವಾ" ಅಂತ ಕೂಗುತ್ತಾ ಮನೆಗೆ ಬಂದೆವು.

ಅವತ್ತಿನಿಂದ ನನಗೆ ಅನ್ನಿಸುವುದು ಇದೇ. ಆಕಾಶದಲ್ಲಿ ಜನ ಇದ್ದಾರಾ ಅಂತ ಕೇಳಬೇಡಿ. ಆಕಾಶ ಯಾರದ್ದು ಅಂತ ಕೇಳಿ. ಅದಕ್ಕಾದರೆ ಎಷ್ಟು ಹೊತ್ತು ಬೇಕಾದರೂ ಕೂತು ಮಾತಾಡುತ್ತೇನೆ.

ಕೊಡ್ಲಿಪೇಟೆ ದಾಟಿದರೆ ಹಾಸನ ಜಿಲ್ಲೆ. ಹಾಸನದಲ್ಲಿ ಇಸ್ರೋದ ನಿಯಂತ್ರಣ ಕೇಂದ್ರ ಇದೆ. ಭೂಮಿಯಿಂದ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ, ಸಮಭಾಜಕ ರೇಖೆಯ ನೇರಕ್ಕೆ ಇರುವ ನಮ್ಮ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಅಷ್ಟು ಎತ್ತರದಲ್ಲಿ ಸುತ್ತುವ ಉಪಗ್ರಹ ನಮಗೆ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ. ಟಿವಿಗೆ, ಫೋನಿಗೆ, ಹವಾಮಾನಕ್ಕೆ ಆ ಜಾಗ ಬಹಳ ಬೇಕು. ಆದರೆ ಅದು ಒಂದೇ ಒಂದು ಬಳೆಯಷ್ಟು ಜಾಗ. 1976ರಲ್ಲಿ ಕೊಲಂಬಿಯಾ, ಬ್ರೆಜಿಲ್, ಕೀನ್ಯಾ, ಉಗಾಂಡಾ, ಇಂಡೋನೇಷ್ಯಾ ಸೇರಿ ಎಂಟು ದೇಶಗಳು ಬೊಗೊಟಾದಲ್ಲಿ ಕೂತು ಒಂದು ಘೋಷಣೆ ಮಾಡಿದವು. ಆ ಬಳೆ ನಮ್ಮ ತಲೆಯ ನೇರಕ್ಕಿದೆ, ನಮ್ಮ ತಲೆ ಮೇಲಿನ ಭಾಗ ನಮ್ಮದು, ಇಡುವವರು ನಮ್ಮನ್ನು ಕೇಳಿ ಇಡಬೇಕು ಅಂದವು. ದೊಡ್ಡ ದೇಶಗಳು ಒಪ್ಪಲಿಲ್ಲ. ನಾನೂ ಆ ವಾದವನ್ನು ಪೂರ್ತಿ ಒಪ್ಪುವುದಿಲ್ಲ, ತಲೆ ಮೇಲಿನದೆಲ್ಲ ನನ್ನದು ಅಂದರೆ ಹಂಚಿಕೊಳ್ಳುವ ಮಾತೇ ಬರುವುದಿಲ್ಲ. ಆದರೆ ಅವರ ಭಯ ನನಗೆ ಅರ್ಥವಾಗುತ್ತದೆ. ರಾಕೆಟ್ ಇದ್ದವರು ಮೊದಲು ಹೋಗಿ ಒಳ್ಳೆ ಜಾಗ ಹಿಡಿದರೆ, ಎಲ್ಲರದ್ದು ಅನ್ನುವ ಮಾತಿನಿಂದ ಉಳಿದವರಿಗೆ ಏನು ಸಿಕ್ಕಿತು?

ಎಲ್ಲರದ್ದು ಅಂದದ್ದು ಹೇಗೆ ಕರಗುತ್ತದೆ ಅಂತ ತೋರಿಸಲು ನಾನು ಚಂದ್ರನವರೆಗೆ ಹೋಗುವುದಿಲ್ಲ. ನಮ್ಮ ದೇವರಕಾಡು ನೋಡಿ. ಕೊಡಗಿನಲ್ಲಿ 1,200ಕ್ಕೂ ಜಾಸ್ತಿ ದೇವರಕಾಡುಗಳಿವೆ. ಕೊಡಲಿ ಹಾಕಬಾರದು, ಬೇಲಿ ಹಾಕಬಾರದು, ಅದು ದೇವರದ್ದು, ಊರಿನದ್ದು. ಇಷ್ಟು ಗಟ್ಟಿಯಾದ ನಂಬಿಕೆ ಇದ್ದ ಜಾಗ. 1905ರಲ್ಲಿ ಸುಮಾರು 15,500 ಎಕರೆ ಇದ್ದದ್ದು 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿಯಿತು. ಯಾರೂ ಒಂದೇ ದಿನ ಬಂದು ಕಿತ್ತುಕೊಳ್ಳಲಿಲ್ಲ. ಒಂದು ಕಡೆಯಿಂದ ಕಾಫಿ ಗಿಡ ಬಂತು, ಇನ್ನೊಂದು ಕಡೆಯಿಂದ ಬೇಲಿ ನಾಲ್ಕು ಅಡಿ ಸರಿಯಿತು. ಬೇಲಿ ಸರಿಸಿದವರೂ ದೇವರ ಹಬ್ಬಕ್ಕೆ ತಪ್ಪದೆ ಬರುತ್ತಿದ್ದರು. ನನ್ನ ಅಜ್ಜನ ಕಾಲದಲ್ಲಿ ನಮ್ಮ ಬೇಲಿಯೂ ಸರಿದಿದೆ. ಇದನ್ನು ಹೇಳದೆ ನಾನು ಅಮೆರಿಕದ ಬಗ್ಗೆ ಮಾತಾಡಿದರೆ ಸರಿ ಆಗುವುದಿಲ್ಲ.

ಆಕಾಶಕ್ಕೆ ಹೋಗುವ ದಾರಿಯೂ ಯಾರದ್ದೋ ನೆಲದಿಂದಲೇ ಶುರುವಾಗುತ್ತದೆ. ತಿರುವನಂತಪುರದ ಹತ್ತಿರದ ತುಂಬಾ ಮೀನುಗಾರರ ಊರು. ಕಾಂತೀಯ ಸಮಭಾಜಕ, ಅಂದರೆ ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ಗೆರೆ, ಅದರ ಹತ್ತಿರವೇ ಹಾದುಹೋಗುತ್ತಿತ್ತು, ಅದಕ್ಕೇ ವಿಕ್ರಮ್ ಸಾರಾಭಾಯ್ ಆ ಜಾಗ ಕೇಳಿದರು. ಊರಿನವರು ಚರ್ಚನ್ನೇ ಬಿಟ್ಟುಕೊಟ್ಟರು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು. ಈ ಕತೆಯನ್ನು ನಾವು ಸಂತೋಷದಿಂದ ಹೇಳುತ್ತೇವೆ, ಹೇಳಬೇಕು ಕೂಡ. ಶ್ರೀಹರಿಕೋಟದ ಯಾನಾದಿ ಬುಡಕಟ್ಟಿನ ಜನರ ಕತೆಯನ್ನು ಅಷ್ಟು ಹೇಳುವುದಿಲ್ಲ. ರಾಕೆಟ್ ಕೇಂದ್ರಕ್ಕೆ ಆ ದ್ವೀಪವನ್ನು ಆರಿಸಿದಾಗ ಅವರು ಅಲ್ಲಿಯ ಕಾಡು, ಮೀನು ನಂಬಿ ಬದುಕುತ್ತಿದ್ದರು. ಆ ಕಾಡಿಗೆ ಆಮೇಲೆ ಪಾಸು, ಗೇಟು ಬಂತು. ದಿಡ್ಡಳ್ಳಿ ನಮ್ಮ ಜಿಲ್ಲೆಯಲ್ಲೇ ಇದೆ. 2016ರ ಡಿಸೆಂಬರ್ ಚಳಿಯಲ್ಲಿ ಅಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದ್ದನ್ನು ನಾವೇ ನೋಡಿದ್ದೇವೆ. ಕಾಫಿ ತೋಟದ ಕೂಲಿಯವರ ಲೈನ್ ಮನೆ ಬಿಟ್ಟು ಬಂದು ಒಂದು ತುಂಡು ಜಾಗ ಕೇಳಿದವರು ಅವರು. ಹಾಗಾಗಿ ರಾಕೆಟ್ ಮೇಲೇರುವಾಗ ಚಪ್ಪಾಳೆ ತಟ್ಟುತ್ತಲೇ ಕೆಳಗೆ ನೋಡುವ ಅಭ್ಯಾಸ ನನಗಾಗಿದೆ. ನಾನು ಚಪ್ಪಾಳೆ ತಟ್ಟುವುದಿಲ್ಲ ಅಂತ ಯಾರೂ ತಿಳಿಯಬೇಡಿ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ಟಿವಿ ಮುಂದೆ ನಾನು ಅತ್ತಿದ್ದೇನೆ.

ಆ ವರ್ಷ ಜೂನ್‌ನಲ್ಲಿ ಭಾರತ ಅಮೆರಿಕದ ಜೊತೆ ಆರ್ಟೆಮಿಸ್ ಒಪ್ಪಂದಕ್ಕೂ ಸಹಿ ಹಾಕಿತ್ತು. ಚಂದ್ರನಲ್ಲಿ ಅಗೆದು ತೆಗೆದರೆ ಅದು ಜಾಗ ಕಬಳಿಸಿದಂತೆ ಆಗಲೇಬೇಕಿಲ್ಲ ಅನ್ನುತ್ತದೆ ಅದು. ಚಂದ್ರನ ಸಂಪತ್ತು ಮನುಷ್ಯಕುಲದ ಪಿತ್ರಾರ್ಜಿತ, ಬಂದ ಲಾಭ ಹಂಚಬೇಕು ಅನ್ನುವ 1979ರ ಚಂದ್ರ ಒಪ್ಪಂದಕ್ಕೂ ನಾವು 1982ರಲ್ಲಿ ಸಹಿ ಹಾಕಿದ್ದೆವು. ಆದರೆ ಅನುಮೋದನೆ ಕೊಡಲಿಲ್ಲ. ಈ ಎರಡು ಸಹಿಗಳ ನಡುವೆ ನಾವು ಎಲ್ಲಿದ್ದೇವೆ ಅಂತ ಊರಲ್ಲಿ ಯಾರೂ ಮಾತಾಡಲಿಲ್ಲ. ಮದುವೆ ಮನೆಯಲ್ಲೂ ನನ್ನನ್ನು ಯಾರೂ ಕೇಳಲಿಲ್ಲ.

ದೊಡ್ಡಪ್ಪ ಕೇಳಿದರು. ಚಂದ್ರಯಾನ ಇಳಿದು ಮೂರು ದಿನ ಆದ ಮೇಲೆ ಫೋನ್ ಬಂತು.

"ಇಳಿದ ಜಾಗಕ್ಕೆ ಶಿವಶಕ್ತಿ ಅಂತ ಹೆಸರಿಟ್ಟರಂತೆ. ಹೆಸರಿಟ್ಟರೆ ಜಾಗ ನಮ್ಮದಾಯ್ತಾ?"

ಇಲ್ಲ ಅಂದೆ. 1959ರಲ್ಲಿ ರಷ್ಯಾದವರ ಲೂನಾ-3 ಚಂದ್ರನ ಆಚೆ ಮಗ್ಗುಲಿನ ಫೋಟೋ ಮೊದಲ ಸಲ ತೆಗೆದಾಗ ಅಲ್ಲೊಂದು ಬಯಲಿಗೆ ಮಾಸ್ಕೋ ಸಮುದ್ರ ಅಂತ ಹೆಸರಿಟ್ಟರು. ಆ ಹೆಸರು ಈಗಲೂ ಇದೆ, ಆದರೆ ಜಾಗ ರಷ್ಯಾದ್ದಲ್ಲ ಅಂತ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಮ್ಮ ಮೇಲಿನ ಗದ್ದೆಗೆ ಹೆಸರಿಟ್ಟದ್ದು ಯಾರು ಗೊತ್ತಾ?" ಅಂದರು. "ನಮ್ಮವರಲ್ಲ. ನಮಗಿಂತ ಮುಂಚೆ ಅಲ್ಲಿ ಇದ್ದವರು. ಹೆಸರು ಅವರದ್ದು, ಆರ್‌ಟಿಸಿ ನಮ್ಮದು."

ಆಮೇಲೆ ಕಾಳುಮೆಣಸಿನ ರೇಟು ಕೇಳಿ ಫೋನ್ ಇಟ್ಟರು.