ಮೊಳೆ ಮಾತ್ರ ಉಳಿದಿದೆ
ನಿನ್ನೆ ಮುಧೋಳಕ್ಕೆ, ಕಾಕಾ ಅವರ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ವರ್ಷಗಟ್ಟಲೆ ತೂಗುತ್ತಿದ್ದ ನಾಯಕರ ಫೋಟೊ ಈಗಿಲ್ಲ. 2019ರ ಜುಲೈ 23ರಂದು ರಾಜ್ಯದ ಕಾಂಗ್ರೆಸ್–ಜೆಡಿಎಸ್ ಸಮ್ಮಿಶ್ರ ಸರ್ಕಾರ ವಿಶ್ವಾಸಮತದಲ್ಲಿ 99–105ರಿಂದ ಸೋತು ಬಿದ್ದಾಗ ಓಣಿಗೆಲ್ಲ ಪೇಢೆ ಹಂಚಿದವರು ಇದೇ ಕಾಕಾ. ಪೇಢೆಯ ಸಿಹಿ ಆರುವ ಮೊದಲೇ, ಆಗಸ್ಟ್‌ನಲ್ಲಿ ಘಟಪ್ರಭೆ ಮನೆಯೊಳಗೆ ನುಗ್ಗಿತು. ಆಗ ಹೊಸ ಸರ್ಕಾರದ ಸಂಪುಟವೆಂದರೆ ಮುಖ್ಯಮಂತ್ರಿ ಒಬ್ಬರೇ. ಸಚಿವರ ಪ್ರಮಾಣವಚನವಾದದ್ದು 20ರಂದು. ಅಷ್ಟರಲ್ಲಿ ಹಿತ್ತಲ ಗೋಡೆ ಕುಸಿದು, ಚೀಲದಲ್ಲಿದ್ದ ಜೋಳ ಮೊಳಕೆಯೊಡೆದಿತ್ತು. ಪರಿಹಾರಕ್ಕೆ ಅಲೆದಲೆದು ಚಪ್ಪಲಿ ಸವೆಸಿದ ಕಾಕಾ, ಮುಂದಿನ ಚುನಾವಣೆಯಲ್ಲಿ ಎದುರು ಪಕ್ಷದ ಶಾಲು ಹೊದ್ದರು. ಹಬ್ಬದ ಊಟ ಬಿಟ್ಟೆದ್ದು ನಾವು ಜಗಳಾಡಿದ್ದ ಆ ಸಿದ್ಧಾಂತ ಮೊಣಕಾಲುದ್ದದ ನೀರಿಗೆ ಕರಗಿತೇ? ಕೇಳಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ಫೋಟೊ ಇದ್ದ ಮೊಳೆಗೆ ಕಾಕು ಈಗ ಸಾಣಿಗೆ ತೂಗುಹಾಕಿದ್ದಾರೆ.